ಪ್ರತಿನಿಧಿಯ ಪ್ರಮಾಣವಚನ

1829ನೆಯ ಇಸವಿಯ ಮೇ ತಿಂಗಳ 15ನೆಯ ದಿನ ಲಂಡನ್ ನಗರದ ಕಾಮನ್ಸ್ ಸಭೆ ಕಿಕ್ಕಿರಿದು ತುಂಬಿತ್ತು. ದೃಢಕಾಯನಾದ ಒಬ್ಬ ಐರಿಷ್ ವಕೀಲನು ಇಬ್ಬರು ಸದಸ್ಯರೊಡನೆ ನಡೆದು ಬಂದು ಸಭಾಧ್ಯಕ್ಷರ ಮುಂದಿನ ಮೇಜಿನ ಬಳಿ ನಿಂತನು. ಅವನ ಹೆಸರು ಡೇನಿಯಲ್ ಓಕಾನೆಲ್. ಹತ್ತು ತಿಂಗಳ ಹಿಂದೆಯೇ ಐರ್ಲೆಂಡಿನ ಕ್ಲೇರ್ ಕ್ಷೇತ್ರದ ಮತದಾರರು ಅವನನ್ನು ತಮ್ಮ ಪ್ರತಿನಿಧಿಯನ್ನಾಗಿ ಆರಿಸಿದ್ದರು. ಆದರೆ ಸಭೆಯಲ್ಲಿ ಕುಳಿತುಕೊಳ್ಳಬೇಕಾದರೆ ಆರಿಸಿ ಬಂದರಷ್ಟೇ ಸಾಲದಾಗಿತ್ತು. ಮೇಜಿನ ಮೇಲಿದ್ದ ಪ್ರಮಾಣವಚನವನ್ನು ಸ್ವೀಕರಿಸಬೇಕಾಗಿತ್ತು. ಓಕಾನೆಲನು ಹಳೆಯ ವಚನವನ್ನು ಸ್ವೀಕರಿಸಲು ಒಪ್ಪಲಿಲ್ಲ. ಸಭಾಧ್ಯಕ್ಷರು ಅವನಿಗೆ ಹೊರಗೆ ಹೋಗುವಂತೆ ಆಜ್ಞಾಪಿಸಿದರು. ಕೆಲವು ದಿನಗಳ ತರುವಾಯ ಸಭೆ ಅವನನ್ನು ಮತ್ತೆ ಕರೆಸಿ ಕೇಳಿದಾಗ, ಅವನು ಆ ವಚನವನ್ನು ಅಚ್ಚುಮಾಡಿದ್ದ ರಟ್ಟನ್ನು ಕೈಗೆ ತೆಗೆದುಕೊಂಡು ಓದಿ ನೋಡಿದನು. ಇದರಲ್ಲಿ ಒಂದು ಮಾತು ಸುಳ್ಳೆಂದು ತಾನು ಬಲ್ಲೆನೆಂದೂ ಮತ್ತೊಂದು ಮಾತು ನಿಜವೆಂದು ತಾನು ನಂಬಲಾರೆನೆಂದೂ ಉತ್ತರಕೊಟ್ಟು ರಟ್ಟನ್ನು ಮೇಜಿನ ಮೇಲಿಟ್ಟನು.

ಆ ವಚನದಲ್ಲಿ ಇದ್ದುದೇನು? ರೋಮಿನ ಪೋಪ್ ಗುರುವಿಗೆ ಆ ರಾಜ್ಯದಲ್ಲಿ ಯಾವ ಅಧಿಕಾರವೂ, ಧಾರ್ಮಿಕ ಅಧಿಕಾರ ಕೂಡ, ಇಲ್ಲವೆಂದು ಸದಸ್ಯನು ಆಣೆಯಿಟ್ಟು ಹೇಳಬೇಕಾಗಿತ್ತು. 1678ರ ಕಾನೂನು ಇದಕ್ಕೆ ಇನ್ನೊಂದು ಘೋಷಣೆಯನ್ನೂ ಸೇರಿಸಿತ್ತು. ಕ್ಯಾಥೊಲಿಕರು ಅತಿ ಪವಿತ್ರವೆಂದು ಭಾವಿಸುವ ಪೂಜಾವಿಧಿಯೂ ಸಂತರ ಪ್ರಾರ್ಥನೆಯೂ ಮೂಢನಂಬಿಕೆಯೆಂದು ಅದರಲ್ಲಿ ಘೋಷಿಸಬೇಕಾಗಿತ್ತು. ಪ್ರಾಮಾಣಿಕನಾದ ಯಾವ ಕ್ಯಾಥೊಲಿಕನೂ ಇದನ್ನು ನುಡಿಯಲಾರನು. ಕ್ಯಾಥೊಲಿಕರು ಸಭೆಯಲ್ಲಿ ಕುಳಿತುಕೊಳ್ಳಬಾರದು ಎಂದು ನೇರವಾಗಿ ಹೇಳುವ ಅಗತ್ಯವೇ ಆಳುವವರಿಗೆ ಇರಲಿಲ್ಲ. ಬಾಗಿಲಿನಲ್ಲಿ ಇಂತಹ ಒಂದು ವಾಕ್ಯವನ್ನಿಟ್ಟರೆ ಸಾಕಾಗಿತ್ತು. ಅವರ ಪ್ರಾಮಾಣಿಕತೆಯೇ ಅವರನ್ನು ಹೊರಗೆ ನಿಲ್ಲಿಸುತ್ತಿತ್ತು. ಸುಳ್ಳು ಹೇಳಲು ಹಿಂಜರಿಯದವನಿಗೆ ಮಾತ್ರ ಆ ಬಾಗಿಲು ತೆರೆದಿತ್ತೆಂಬುದು ಈ ವ್ಯವಸ್ಥೆಯ ವಿಚಿತ್ರ.

ಕನ್ನಡದಲ್ಲಿ 'ಮತ' ಎಂಬ ಒಂದೇ ಶಬ್ದವು ಧರ್ಮಕ್ಕೂ ಸಲ್ಲುತ್ತದೆ, ಚುನಾವಣೆಯಲ್ಲಿ ಕೊಡುವ ಓಟಿಗೂ ಸಲ್ಲುತ್ತದೆ. ಒಬ್ಬನ ಮೊದಲನೆಯ ಮತವು ಅವನಿಗೆ ದೊರೆತ ಎರಡನೆಯ ಮತಗಳನ್ನು ನಿರರ್ಥಕಗೊಳಿಸಬಹುದೇ ಎಂಬುದೇ ಅಂದು ಆ ಮೇಜಿನ ಮುಂದೆ ನಿಂತಿದ್ದ ಪ್ರಶ್ನೆ. ಪ್ರಜಾಪ್ರಭುತ್ವದ ತೊಟ್ಟಿಲೆಂದು ಹೆಸರಾದ ಆ ದೇಶದಲ್ಲಿ ಈ ಪ್ರಶ್ನೆ ಇತ್ಯರ್ಥವಾಗಲು ಮತ್ತೆ 60 ವರ್ಷಗಳು ಹಿಡಿದುವು. ಈ ಕಥೆಯಲ್ಲಿ ಜನತೆ ಒಂದು ಕಡೆ, ಆಳುವವರು ಇನ್ನೊಂದು ಕಡೆ ಎಂದು ಸುಲಭವಾಗಿ ವಿಂಗಡಿಸಲು ಬರುವುದಿಲ್ಲ. ಬಾಗಿಲನ್ನು ತಳ್ಳಿದವರೂ ಜನರೇ. ಅದನ್ನು ಒಳಗಿನಿಂದ ಒತ್ತಿ ಹಿಡಿದವರ ಬೆನ್ನ ಹಿಂದೆ ಇದ್ದವರೂ ಜನರೇ.

ಓಕಾನೆಲನ ಕಾಲಕ್ಕೆ ಅರ್ಧ ಶತಮಾನದಷ್ಟು ಹಿಂದೆ ನಡೆದ ಒಂದು ಘಟನೆ ಇದಕ್ಕೆ ಸಾಕ್ಷಿಯಾಗಿದೆ. 1778ರಲ್ಲಿ ಪಾರ್ಲಿಮೆಂಟು ಕ್ಯಾಥೊಲಿಕರ ಮೇಲಿದ್ದ ಕೆಲವು ಕಟ್ಟುಗಳನ್ನು ಅಲ್ಪಸ್ವಲ್ಪ ಸಡಿಲಿಸಿತು. ಇದನ್ನು ರದ್ದುಮಾಡಬೇಕೆಂದು ಲಾರ್ಡ್ ಜಾರ್ಜ್ ಗಾರ್ಡನ್ ಎಂಬ ಶ್ರೀಮಂತ ಮನೆತನದ ಸದಸ್ಯನು ಪ್ರಾಟೆಸ್ಟೆಂಟ್ ಸಂಘವೊಂದರ ಮುಖಂಡನಾಗಿ ಊರೂರುಗಳಲ್ಲಿ ಸಹಿಗಳನ್ನು ಕೂಡಿಸಿದನು. 1780ರ ಜೂನ್ 2ರಂದು ಸುಮಾರು 50,000 ಜನರು ನೀಲಿ ಪಟ್ಟಿಗಳನ್ನು ಧರಿಸಿ ಆ ಮನವಿಯನ್ನು ಹೊತ್ತು ಪಾರ್ಲಿಮೆಂಟಿನ ಮುಂದೆ ನೆರೆದರು. ತಾವೇ ನಿಜವಾದ ಜನತೆ, ಒಳಗಿರುವವರು ಜನದ್ರೋಹಿಗಳು ಎಂಬುದು ಅವರ ಭಾವನೆಯಾಗಿತ್ತು. ಅಂದು ಆರಂಭವಾದ ದೊಂಬಿ ಒಂದು ವಾರ ನಡೆಯಿತು. ಕ್ಯಾಥೊಲಿಕರ ಪ್ರಾರ್ಥನಾ ಮಂದಿರಗಳೂ ಮನೆಗಳೂ ಸೆರೆಮನೆಗಳೂ ಬೆಂಕಿಗೆ ಆಹುತಿಯಾದುವು. ಸೈನ್ಯವು ಗುಂಡು ಹಾರಿಸಿ ಶಾಂತಿಯನ್ನು ಸ್ಥಾಪಿಸುವ ವೇಳೆಗೆ ಸುಮಾರು 300 ಮಂದಿ ಸತ್ತಿದ್ದರು. ಸತ್ತವರಲ್ಲಿ ಬಹುಮಂದಿ ಲಂಡನ್ನಿನ ಬಡವರು. ಪೋಪ್ ಗುರುವಿನ ವಿಷಯವನ್ನು ಅವರು ಎಷ್ಟರಮಟ್ಟಿಗೆ ತಿಳಿದಿದ್ದರೋ ಹೇಳಲಾಗದು. ಆದರೆ ತಮ್ಮ ಬಡತನಕ್ಕೂ ಅವಮಾನಕ್ಕೂ ಒಬ್ಬ ಶತ್ರುವನ್ನು ಧರ್ಮದ ಹೆಸರಿನಲ್ಲಿ ಯಾರೋ ತೋರಿಸಿಕೊಟ್ಟಿದ್ದರು.

ಐರ್ಲೆಂಡಿನ ಸ್ಥಿತಿ ಬೇರೆಯಾಗಿತ್ತು. ಅಲ್ಲಿನ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕ್ಯಾಥೊಲಿಕರು. ಭೂಮಿಯಾದರೋ ಬಹುಮಟ್ಟಿಗೆ ಪ್ರಾಟೆಸ್ಟೆಂಟ್ ಜಮೀನುದಾರರ ಕೈಯಲ್ಲಿತ್ತು. 1801ರಲ್ಲಿ ಐರ್ಲೆಂಡಿನ ಪಾರ್ಲಿಮೆಂಟು ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ವಿಲೀನವಾಯಿತು. ಈ ವಿಲೀನಕ್ಕೆ ಒಪ್ಪಿದರೆ ಕ್ಯಾಥೊಲಿಕರಿಗೆ ಸಮಾನ ಹಕ್ಕು ದೊರೆಯುವುದೆಂಬ ಆಸೆಯನ್ನು ಪ್ರಧಾನಿ ಪಿಟ್ ಹುಟ್ಟಿಸಿದ್ದನು. ಆದರೆ ದೊರೆ ಮೂರನೆಯ ಜಾರ್ಜನು ತಾನು ಪಟ್ಟಾಭಿಷೇಕದಲ್ಲಿ ಮಾಡಿದ ಪ್ರಮಾಣಕ್ಕೆ ಅದು ವಿರುದ್ಧವೆಂದು ಹಟ ಹಿಡಿದನು. ಒಂದು ಪ್ರಮಾಣವಚನವನ್ನು ತೆಗೆಯಲು ಇನ್ನೊಂದು ಪ್ರಮಾಣವಚನ ಅಡ್ಡಿಯಾಯಿತು. ಪಿಟ್ ರಾಜೀನಾಮೆ ಕೊಟ್ಟನು. ವಿಲೀನ ಉಳಿಯಿತು, ಮಾತು ಉಳಿಯಲಿಲ್ಲ.

ಆದರೂ ಐರಿಷ್ ಕ್ಯಾಥೊಲಿಕರಿಗೆ ಒಂದು ಹಕ್ಕು ಇತ್ತು. ವರ್ಷಕ್ಕೆ 40 ಷಿಲಿಂಗ್, ಎಂದರೆ 2 ಪೌಂಡು, ಆದಾಯದ ಭೂಮಿಯನ್ನು ಜೀವಾವಧಿಯ ಗೇಣಿಗೆ ಹಿಡಿದಿದ್ದ ರೈತನು 1793ರಿಂದ ಓಟು ಕೊಡಬಹುದಾಗಿತ್ತು. ಅವನು ಓಟು ಕೊಡಬಹುದು, ಆದರೆ ತನ್ನ ಮತದವನನ್ನು ಸಭೆಗೆ ಕಳುಹಿಸಲಾರನು. ಜಮೀನುದಾರರು ಇಂತಹ ಬಡ ಮತದಾರರನ್ನು ತಾವಾಗಿಯೇ ಹೆಚ್ಚಿಸಿಕೊಂಡರು. ಏಕೆಂದರೆ ಆಗ ಗುಪ್ತ ಮತದಾನವಿರಲಿಲ್ಲ; ಅದು ಬಂದದ್ದು 1872ರಲ್ಲಿ. ಮತದಾರನು ಎಲ್ಲರೆದುರಿಗೆ ವೇದಿಕೆ ಹತ್ತಿ ತನ್ನ ಅಭ್ಯರ್ಥಿಯ ಹೆಸರನ್ನು ಗಟ್ಟಿಯಾಗಿ ಹೇಳಬೇಕಾಗಿತ್ತು. ಜಮೀನುದಾರನ ಪಾರುಪತ್ಯಗಾರನು ಪಕ್ಕದಲ್ಲೇ ನಿಂತು ಕೇಳುತ್ತಿದ್ದನು. ಗೇಣಿ ಬಾಕಿಯಿರುವ ರೈತನು ಬೇರೆಯ ಹೆಸರನ್ನು ಹೇಳಿದರೆ ಹೆಂಡತಿ ಮಕ್ಕಳೊಡನೆ ಬೀದಿಯ ಪಾಲಾಗಬೇಕಾಗಿತ್ತು. ಆದುದರಿಂದ ದನಗಳ ಮಂದೆಯನ್ನು ಹೊಡೆದುಕೊಂಡು ಬರುವಂತೆ ಒಕ್ಕಲುಗಳನ್ನು ಮತಗಟ್ಟೆಗೆ ಕರೆತರುವುದು ರೂಢಿಯಾಗಿತ್ತು.

ಈ ರೈತರನ್ನು ಒಗ್ಗೂಡಿಸುವ ಉಪಾಯವನ್ನು ಕಂಡುಹಿಡಿದವನು ಓಕಾನೆಲ್. 1775ರಲ್ಲಿ ಕೆರಿ ಎಂಬ ಜಿಲ್ಲೆಯಲ್ಲಿ ಹುಟ್ಟಿ, ಫ್ರಾನ್ಸಿನ ಕ್ಯಾಥೊಲಿಕ್ ಶಾಲೆಗಳಲ್ಲಿ ಓದಿ, ಡಬ್ಲಿನ್ನಿನಲ್ಲಿ ವಕೀಲನಾಗಿ ಹೆಸರು ಗಳಿಸಿದ್ದ ಅವನು 1823ರಲ್ಲಿ ಕ್ಯಾಥೊಲಿಕ್ ಸಂಘವನ್ನು ಸ್ಥಾಪಿಸಿದನು. ಆರಂಭದಲ್ಲಿ ಅದು ವಕೀಲರೂ ವರ್ತಕರೂ ಸೇರುವ ಒಂದು ಸಾಧಾರಣ ಸಭೆ. ಸಾಕಷ್ಟು ಮಂದಿ ಬಾರದೆ ಸಭೆಗಳು ಮುಂದೂಡಲ್ಪಟ್ಟದ್ದೂ ಉಂಟು. ಮರುವರ್ಷ ಓಕಾನೆಲನು ಒಂದು ಸಣ್ಣ ಬದಲಾವಣೆ ಮಾಡಿದನು. ತಿಂಗಳಿಗೆ ಒಂದು ಪೆನ್ನಿ ಕೊಟ್ಟ ಯಾರೇ ಆಗಲಿ ಸಂಘದ ಸಹಸದಸ್ಯನಾಗಬಹುದು ಎಂದನು. ಒಂದು ಪೌಂಡಿಗೆ ಆಗ 240 ಪೆನ್ನಿಗಳು. ಗುಡಿಸಲಿನಲ್ಲಿ ಆಲೂಗೆಡ್ಡೆ ತಿಂದು ಬದುಕುವವನೂ ಕೊಡಬಹುದಾದ ಹಣ ಅದು. ಇದಕ್ಕೆ 'ಕ್ಯಾಥೊಲಿಕ್ ಕಂದಾಯ' ಎಂದು ಹೆಸರಾಯಿತು.

ಈ ಪೆನ್ನಿಯನ್ನು ವಸೂಲು ಮಾಡುವವರು ಯಾರು? ಆ ದೇಶದಲ್ಲಿ ಹಳ್ಳಿಹಳ್ಳಿಗೂ ತಲುಪುವ, ಜನರು ನಂಬುವ ಒಂದೇ ಒಂದು ವ್ಯವಸ್ಥೆಯಿತ್ತು, ಅದು ಚರ್ಚು. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಿನಲ್ಲಿ ಪೆಟ್ಟಿಗೆ ಇಡಲಾಯಿತು. ಪಾದ್ರಿಗಳು ಲೆಕ್ಕ ಬರೆದರು. ಸಂಘದ ವರದಿಗಳನ್ನು ಓದುಬಾರದವರಿಗೆ ಓದಿ ಹೇಳಿದರು. ಕಂದಾಯದಿಂದ ವಾರಕ್ಕೆ ನೂರಾರು ಪೌಂಡುಗಳು ಬರತೊಡಗಿದುವು. ಒಕ್ಕಲೆಬ್ಬಿಸಲ್ಪಟ್ಟ ರೈತರ ಪರವಾಗಿ ನ್ಯಾಯಾಲಯಗಳಲ್ಲಿ ವಾದಿಸಲು ಆ ಹಣ ವಿನಿಯೋಗವಾಯಿತು. ಹಣಕ್ಕಿಂತಲೂ ಮುಖ್ಯವಾದ ಫಲ ಇನ್ನೊಂದು. ತಿಂಗಳಿಗೊಮ್ಮೆ ಒಂದು ಪೆನ್ನಿ ಕೊಟ್ಟವನು ಆ ಕಾರ್ಯ ತನ್ನದೆಂದು ತಿಳಿಯುತ್ತಾನೆ. ಡಬ್ಲಿನ್ನಿನಲ್ಲಿ ಏನು ನಡೆಯಿತೆಂದು ವಿಚಾರಿಸುತ್ತಾನೆ. ಲಕ್ಷಾಂತರ ನಿರಕ್ಷರ ಕುಕ್ಷಿಗಳನ್ನು ಶಾಂತವಾದ ರಾಜಕೀಯಕ್ಕೆ ಎಳೆದು ತಂದ ಇಂತಹ ಸಂಘಟನೆ ಯೂರೋಪಿನಲ್ಲಿ ಅದಕ್ಕೆ ಹಿಂದೆ ಇದ್ದಿಲ್ಲವೆಂದೇ ಹೇಳಬಹುದು.

1828ರಲ್ಲಿ ಸಂದರ್ಭ ಒದಗಿತು. ಕ್ಲೇರ್ ಕ್ಷೇತ್ರದ ಸದಸ್ಯನಾಗಿದ್ದ ವೀಸಿ ಫಿಟ್ಜ್‌ಜೆರಾಲ್ಡನು ಮಂತ್ರಿಯಾದನು. ಮಂತ್ರಿಯಾದವನು ಮರಳಿ ಚುನಾವಣೆಗೆ ನಿಲ್ಲಬೇಕೆಂಬುದು ಆಗಿನ ನಿಯಮ. ಅವನು ಕೆಟ್ಟ ಮನುಷ್ಯನಾಗಿರಲಿಲ್ಲ. ಒಳ್ಳೆಯ ಜಮೀನುದಾರನೆಂಬ ಹೆಸರಿತ್ತು, ಕ್ಯಾಥೊಲಿಕರ ಹಕ್ಕುಗಳ ಪರವಾಗಿಯೇ ಅವನು ಓಟು ಕೊಡುತ್ತ ಬಂದಿದ್ದನು. ಆದರೂ ಓಕಾನೆಲನು ಅವನ ಎದುರು ಸ್ಪರ್ಧಿಸಲು ತೀರ್ಮಾನಿಸಿದನು. ಕ್ಯಾಥೊಲಿಕನು ಸಭೆಯಲ್ಲಿ ಕುಳಿತುಕೊಳ್ಳಬಾರದೆಂಬ ಕಾನೂನು ಇತ್ತೇ ಹೊರತು ಚುನಾವಣೆಗೆ ನಿಲ್ಲಬಾರದೆಂಬ ಕಾನೂನು ಇರಲಿಲ್ಲ ಎಂಬ ಸೂಕ್ಷ್ಮವನ್ನು ವಕೀಲನು ಗುರುತಿಸಿದ್ದನು.

ಜುಲೈ ತಿಂಗಳ ಆರಂಭದಲ್ಲಿ ಎನಿಸ್ ಎಂಬ ಸಣ್ಣ ಪಟ್ಟಣಕ್ಕೆ ಸಾವಿರಾರು ಜನರು ಹರಿದು ಬಂದರು. ಪಾದ್ರಿಗಳು ತಮ್ಮ ತಮ್ಮ ಹಳ್ಳಿಯವರ ಮುಂದೆ ನಡೆದರು. ಚುನಾವಣೆಯೆಂದರೆ ಕುಡಿತವೂ ಹೊಡೆದಾಟವೂ ಎಂದಿದ್ದ ಆ ಕಾಲದಲ್ಲಿ, ಚುನಾವಣೆ ಮುಗಿಯುವವರೆಗೆ ಮದ್ಯವನ್ನು ಮುಟ್ಟಬಾರದೆಂಬ ಪಾದ್ರಿಗಳ ಅಪ್ಪಣೆಯನ್ನು ಜನರು ಪಾಲಿಸಿದರೆಂಬುದು ಸರ್ಕಾರದ ಅಧಿಕಾರಿಗಳಲ್ಲಿ ಆಶ್ಚರ್ಯಕ್ಕಿಂತ ಹೆಚ್ಚಾಗಿ ಭಯವನ್ನೇ ಉಂಟುಮಾಡಿತು. ಜಮೀನುದಾರರು ತಮ್ಮ ಒಕ್ಕಲುಗಳನ್ನು ಎಂದಿನಂತೆ ಕರೆತಂದರು. ಆದರೆ ವೇದಿಕೆ ಹತ್ತಿದ ಒಕ್ಕಲುಗಳು, ಎದುರಿಗೆ ಪಾರುಪತ್ಯಗಾರನು ನಿಂತಿರುವಂತೆಯೇ, ಓಕಾನೆಲನ ಹೆಸರನ್ನು ಹೇಳಿದರು. ಐದು ದಿನಗಳ ಮತದಾನದ ಕೊನೆಯಲ್ಲಿ ಓಕಾನೆಲನಿಗೆ 2,057 ಮತಗಳೂ ಮಂತ್ರಿಗೆ 982 ಮತಗಳೂ ಬಂದಿದ್ದುವು.

ಆ ರೈತನು ಅಂದು ತೋರಿದ ಧೈರ್ಯವನ್ನು ಅಳೆಯುವುದು ಸುಲಭವಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಜಮೀನುದಾರನ ಭಯದಿಂದ ಬಿಡಿಸಿಕೊಂಡವನು ಪಾದ್ರಿಯ ಭಯಕ್ಕೆ ಒಳಗಾದನೇ? ಓಕಾನೆಲನ ವಿರುದ್ಧ ಓಟು ಕೊಡುವುದು ಧರ್ಮಕ್ಕೆ ಬಗೆದ ದ್ರೋಹವೆಂದು ಕೆಲವು ಪಾದ್ರಿಗಳು ಪೂಜಾವೇದಿಕೆಯಿಂದಲೇ ಸಾರಿದ್ದು ನಿಜ. ಓಕಾನೆಲನ ವಿರೋಧಿಗಳು ಈ ಮಾತನ್ನೇ ಹಿಡಿದು, ಅದು ಜನರ ಮತವಲ್ಲ, ಪಾದ್ರಿಗಳ ಮತ ಎಂದರು. ಆದರೆ ಒಕ್ಕಲೆಬ್ಬಿಸುವ ಅಧಿಕಾರ ಪಾದ್ರಿಗೆ ಇರಲಿಲ್ಲ. ರೈತನು ಜಮೀನುದಾರನನ್ನು ಎದುರಿಸಿದರೆ ಮನೆಯನ್ನು ಕಳೆದುಕೊಳ್ಳುತ್ತಿದ್ದನು. ಪಾದ್ರಿಯನ್ನು ಎದುರಿಸಿದರೆ ನೆರೆಹೊರೆಯವರ ಆದರವನ್ನು ಕಳೆದುಕೊಳ್ಳುತ್ತಿದ್ದನು. ಎರಡೂ ಒತ್ತಾಯಗಳೇ ಆದರೂ ಸಮನಾದ ಒತ್ತಾಯಗಳಲ್ಲ. ಮೊದಲನೆಯದು ಅವನ ಇಚ್ಛೆಗೆ ವಿರುದ್ಧವಾಗಿತ್ತು. ಎರಡನೆಯದು ಬಹುಮಟ್ಟಿಗೆ ಅವನ ಇಚ್ಛೆಗೆ ಬಲಕೊಟ್ಟಿತು.

ಪ್ರಧಾನಿ ವೆಲಿಂಗ್ಟನ್ ಪ್ರಭುವೂ ಅವನ ಸಹೋದ್ಯೋಗಿ ರಾಬರ್ಟ್ ಪೀಲನೂ ಕ್ಯಾಥೊಲಿಕರಿಗೆ ಹಕ್ಕು ಕೊಡುವುದನ್ನು ವಿರೋಧಿಸುತ್ತ ಬಂದವರು. ಕ್ಲೇರ್‌ನಲ್ಲಿ ನಡೆದದ್ದು ಮುಂದಿನ ಮಹಾಚುನಾವಣೆಯಲ್ಲಿ ಐರ್ಲೆಂಡಿನಾದ್ಯಂತ ನಡೆದರೆ ಅಂತರ್ಯುದ್ಧವೇ ಆದೀತೆಂದು ಅವರು ಹೆದರಿದರು. 1829ರ ಏಪ್ರಿಲ್ 13ರಂದು ಕ್ಯಾಥೊಲಿಕರಿಗೆ ಪಾರ್ಲಿಮೆಂಟನ್ನು ತೆರೆದಿಡುವ ಕಾನೂನಿಗೆ ದೊರೆಯ ಅಂಕಿತ ಬಿದ್ದಿತು. ಇಂಗ್ಲೆಂಡಿನ ಊರೂರುಗಳಿಂದ ಇದಕ್ಕೆ ವಿರುದ್ಧವಾಗಿ ರಾಶಿ ರಾಶಿ ಮನವಿಪತ್ರಗಳು ಬಂದಿದ್ದುವು. ಅಂದು ಇಡೀ ಬ್ರಿಟನ್ನಿನ ಜನರ ಅಭಿಪ್ರಾಯವನ್ನು ತಲೆಯೆಣಿಸಿ ಕೇಳಿದ್ದರೆ ಕಾನೂನು ಬಿದ್ದುಹೋಗುತ್ತಿದ್ದ ಸಂಭವವೇ ಹೆಚ್ಚು. ಐರ್ಲೆಂಡಿನ ಬಹುಸಂಖ್ಯಾತರು ಇಡೀ ರಾಜ್ಯದಲ್ಲಿ ಅಲ್ಪಸಂಖ್ಯಾತರಾಗಿದ್ದರು.

ಇದಕ್ಕೆ ತೆರಬೇಕಾಗಿ ಬಂದ ಬೆಲೆ ಪಠ್ಯಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಅದೇ ವೇಳೆಯಲ್ಲಿ ಇನ್ನೊಂದು ಕಾನೂನು ಜಾರಿಗೆ ಬಂದಿತು. ಅದರಂತೆ ಐರ್ಲೆಂಡಿನ ಜಿಲ್ಲಾಕ್ಷೇತ್ರಗಳಲ್ಲಿ ಓಟಿನ ಅರ್ಹತೆ 40 ಷಿಲಿಂಗಿನಿಂದ 10 ಪೌಂಡಿಗೆ ಏರಿತು. 2 ಪೌಂಡಿನವನು ಮತದಾರರ ಪಟ್ಟಿಯಿಂದ ಅಳಿಸಿಹೋದನು. ಎರಡು ಲಕ್ಷಕ್ಕೂ ಹೆಚ್ಚಾಗಿದ್ದ ಮತದಾರರು ಸುಮಾರು 37,000ಕ್ಕೆ ಇಳಿದರು. ವೇದಿಕೆ ಹತ್ತಿ ಓಕಾನೆಲನ ಹೆಸರನ್ನು ಕೂಗಿದ್ದ ರೈತರಲ್ಲಿ ಬಹುಮಂದಿ ಮತ್ತೆಂದೂ ಆ ವೇದಿಕೆಯನ್ನು ಹತ್ತಲಿಲ್ಲ. ಓಕಾನೆಲನು ಇದನ್ನು ವಿರೋಧಿಸಿದನಾದರೂ, ದೊಡ್ಡ ಕಾನೂನನ್ನು ಪಣಕ್ಕಿಟ್ಟು ಹೋರಾಡಲಿಲ್ಲ. ಕ್ಯಾಥೊಲಿಕ್ ವಕೀಲರಿಗೂ ವರ್ತಕರಿಗೂ ಜಮೀನುದಾರರಿಗೂ ಬಾಗಿಲು ತೆರೆಯಿತು. ಆ ಬಾಗಿಲನ್ನು ತಳ್ಳಿದ ಬಡವನಿಗೆ 'ನಮ್ಮವನು ಒಳಗಿದ್ದಾನೆ' ಎಂಬ ಸಮಾಧಾನವೊಂದೇ ಉಳಿಯಿತು.

ಹೊಸ ಕಾನೂನು ಅದರ ಮುಂದೆ ಆರಿಸಿ ಬರುವವರಿಗೆ ಮಾತ್ರ ಅನ್ವಯಿಸುವಂತೆ ರಚಿತವಾಗಿತ್ತು. ಆದುದರಿಂದಲೇ ಮೇ ತಿಂಗಳಲ್ಲಿ ಓಕಾನೆಲನ ಮುಂದೆ ಹಳೆಯ ವಚನವನ್ನು ಇಡಲಾಯಿತು. 190 ಸದಸ್ಯರು ಅವನ ವಿರುದ್ಧವಾಗಿಯೂ 116 ಮಂದಿ ಪರವಾಗಿಯೂ ನಿಂತರು. ಅವನು ಕ್ಲೇರ್‌ಗೆ ಹಿಂದಿರುಗಿ, ಈ ಸಲ ಎದುರಾಳಿಯೇ ಇಲ್ಲದೆ ಆರಿಸಿ ಬಂದು, 1830ರ ಫೆಬ್ರವರಿಯಲ್ಲಿ ಸಭೆಯಲ್ಲಿ ಕುಳಿತನು.

ಓಕಾನೆಲನು ಸ್ವತಃ ಎಲ್ಲ ಮತದವರಿಗೂ ಸಮಾನ ಹಕ್ಕು ಬೇಕೆಂದು ನಂಬಿದವನು. ಯಹೂದ್ಯರ ಹಕ್ಕುಗಳಿಗಾಗಿಯೂ ನೀಗ್ರೋ ಗುಲಾಮರ ಬಿಡುಗಡೆಗಾಗಿಯೂ ಅವನು ದುಡಿದನು. ಆದರೆ ಅವನು ಬಳಸಿದ ಸಾಧನಕ್ಕೆ ತನ್ನದೇ ಆದ ಸ್ವಭಾವವಿತ್ತು. ಚರ್ಚಿನ ಬಾಗಿಲಿನಲ್ಲಿ ಕೂಡಿದ ಜನತೆಯಲ್ಲಿ ಬೇರೆಯ ಚರ್ಚಿಗೆ ಹೋಗುವವನಿಗೆ ಸ್ಥಳವಿರುವುದಿಲ್ಲ. 1790ರ ದಶಕದಲ್ಲಿ ಐರ್ಲೆಂಡಿನ ಉತ್ತರಭಾಗದ ಪ್ರಾಟೆಸ್ಟೆಂಟರಲ್ಲಿ ಅನೇಕರು ಕ್ಯಾಥೊಲಿಕರೊಡನೆ ಸೇರಿ ಇಂಗ್ಲೆಂಡಿನ ವಿರುದ್ಧ ನಿಂತಿದ್ದರು. ಓಕಾನೆಲನ ಸಭೆಗಳಿಗೆ ಅವರ ಮಕ್ಕಳು ಬರಲಿಲ್ಲ. ಐರಿಷ್ ಜನತೆ ಎಂದರೆ ಕ್ಯಾಥೊಲಿಕ್ ಜನತೆ ಎಂಬ ಭಾವನೆ ಬಲಗೊಂಡಂತೆಲ್ಲ ಅವರು ದೂರ ಸರಿದರು. 1921ರಲ್ಲಿ ಆ ದ್ವೀಪ ಎರಡಾದಾಗ ಒಡಕು ಬಹುಮಟ್ಟಿಗೆ ಈ ಗೆರೆಯನ್ನೇ ಅನುಸರಿಸಿತು. ಒಬ್ಬ ಮನುಷ್ಯನ ಮೇಲೆ ಇದರ ಹೊಣೆಯನ್ನು ಹೊರಿಸುವುದು ಅನ್ಯಾಯ. ಆದರೆ ಗೆರೆಯನ್ನು ದಪ್ಪಗೊಳಿಸಿದ ಅನೇಕ ಕೈಗಳಲ್ಲಿ ಅವನದೂ ಒಂದು.

ಕ್ಯಾಥೊಲಿಕರು ಒಳಗೆ ಬಂದರು; ಯಹೂದ್ಯರು ಹೊರಗೇ ಉಳಿದರು. ಪ್ರಮಾಣವಚನದ ಕೊನೆಯಲ್ಲಿ, ಕ್ರೈಸ್ತನ ನಿಜವಾದ ಶ್ರದ್ಧೆಯ ಮೇಲೆ ಈ ಮಾತನ್ನು ಹೇಳುತ್ತೇನೆಂಬ ಅರ್ಥದ ಪದಗಳಿದ್ದುವು. 1847ರಲ್ಲಿ ಲಂಡನ್ ಪಟ್ಟಣದ ಮತದಾರರು ಲಿಯೊನೆಲ್ ಡಿ ರಾಥ್ಸ್‌ಚೈಲ್ಡ್ ಎಂಬ ಯಹೂದಿ ಲೇವಾದೇವಿಗಾರನನ್ನು ಆರಿಸಿದರು. ಕಾಮನ್ಸ್ ಸಭೆ ಕಾನೂನನ್ನು ತಿದ್ದಲು ಮುಂದಾದಾಗಲೆಲ್ಲ ಲಾರ್ಡ್ಸ್ ಸಭೆ ತಡೆಯಿತು. ಮತದಾರರು ಅವನನ್ನು ಮತ್ತೆ ಮತ್ತೆ ಆರಿಸಿದರು. 1858ರ ಜುಲೈ 26ರಂದು ಅವನು ತಲೆಯ ಮೇಲೆ ಟೋಪಿ ಇಟ್ಟುಕೊಂಡೇ ಬೈಬಲ್ಲಿನ ಹಳೆಯ ಒಡಂಬಡಿಕೆಯನ್ನು ಹಿಡಿದು ಪ್ರಮಾಣ ಸ್ವೀಕರಿಸಿದನು. ಹನ್ನೊಂದು ವರ್ಷ ಬಾಗಿಲಲ್ಲಿ ಕಾದ ಆತನು ಒಳಗೆ ಬಂದ ಮೇಲೆ ಸಭೆಯಲ್ಲಿ ಒಂದೂ ಭಾಷಣ ಮಾಡಲಿಲ್ಲವೆಂದು ಹೇಳುತ್ತಾರೆ.

ಯಾವುದಾದರೂ ಒಬ್ಬ ದೇವರನ್ನು ನಂಬಿದವನಿಗೆ ಈಗ ಸ್ಥಳ ದೊರೆಯಿತು. ಯಾವ ದೇವರನ್ನೂ ನಂಬದವನ ಗತಿಯೇನು? ಈ ಪ್ರಶ್ನೆಯನ್ನು ಎತ್ತಿದವನು ಚಾರ್ಲ್ಸ್ ಬ್ರ್ಯಾಡ್‌ಲಾ. ಲಂಡನ್ನಿನ ಬಡ ಕುಟುಂಬದಲ್ಲಿ 1833ರಲ್ಲಿ ಹುಟ್ಟಿ, ಸ್ವಂತ ಪ್ರಯತ್ನದಿಂದ ಓದಿ, ಬಹಿರಂಗವಾಗಿ ನಾಸ್ತಿಕವಾದವನ್ನು ಬೋಧಿಸುತ್ತಿದ್ದ ಅವನನ್ನು 1880ರಲ್ಲಿ ನಾರ್ಥಾಂಪ್ಟನ್ ಪಟ್ಟಣದ ಮತದಾರರು ಆರಿಸಿದರು. ಅದು ಚಮ್ಮಾರರ ಊರು. ಅವನಿಗೆ ಓಟು ಕೊಟ್ಟವರಲ್ಲಿ ಹಲವರು ಪ್ರತಿ ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುವ ಕ್ರೈಸ್ತರು. ಅವರು ಆರಿಸಿದ್ದು ಅವನ ನಾಸ್ತಿಕತೆಯನ್ನಲ್ಲ, ದುಡಿಯುವವರ ಪರವಾಗಿ ಎದ್ದು ನಿಲ್ಲುವ ಅವನ ಧ್ವನಿಯನ್ನು.

ಆಣೆಯಿಡುವುದು ಪಾಪವೆಂದು ನಂಬುವ ಕ್ವೇಕರ್ ಪಂಥದವರಿಗೆ 1833ರಿಂದಲೇ ದೃಢವಚನವನ್ನು ನುಡಿದು ಕುಳಿತುಕೊಳ್ಳುವ ಅವಕಾಶವಿತ್ತು. ಬ್ರ್ಯಾಡ್‌ಲಾ ಅದೇ ಅವಕಾಶವನ್ನು ಬೇಡಿದನು. ಸಭೆ ಒಪ್ಪಲಿಲ್ಲ. ಹಾಗಾದರೆ ಎಲ್ಲರಂತೆ ಪ್ರಮಾಣವನ್ನೇ ಸ್ವೀಕರಿಸುತ್ತೇನೆ ಎಂದನು. ದೇವರನ್ನು ನಂಬದವನು ದೇವರ ಮೇಲೆ ಆಣೆಯಿಡುವುದು ಅಪಚಾರವೆಂದು ಅದಕ್ಕೂ ಒಪ್ಪಲಿಲ್ಲ. ಹಿಂದೆ ಸರಿಯಲು ಅವನು ನಿರಾಕರಿಸಿದಾಗ ಪಾರ್ಲಿಮೆಂಟಿನ ಗಡಿಯಾರದ ಗೋಪುರದಲ್ಲಿ ಒಂದು ರಾತ್ರಿ ಸೆರೆಯಲ್ಲಿಟ್ಟರು. 1881ರ ಆಗಸ್ಟಿನಲ್ಲಿ ಪೊಲೀಸರೂ ಸಭೆಯ ಜವಾನರೂ ಸೇರಿ ಅವನನ್ನು ಮೆಟ್ಟಿಲುಗಳ ಮೇಲಿಂದ ಹೊರಕ್ಕೆ ನೂಕಿದರು. ಅವನ ಕೋಟು ಹರಿಯಿತು. ಕ್ಷೇತ್ರವು ತೆರವಾದಾಗಲೆಲ್ಲ ನಾರ್ಥಾಂಪ್ಟನ್ನಿನ ಚಮ್ಮಾರರು 1881, 1882, 1884 ಮತ್ತು 1885ರಲ್ಲಿ ಅವನನ್ನೇ ಮರಳಿ ಕಳುಹಿಸಿದರು. ಅತ್ತ ಚರ್ಚುಗಳು ಅವನ ವಿರುದ್ಧ ದೊಡ್ಡ ಸಂಖ್ಯೆಯಲ್ಲಿ ಸಹಿಗಳನ್ನು ಕೂಡಿಸಿದುವು. ಧರ್ಮದ ರಕ್ಷಣೆಯ ಮಾತನ್ನಾಡಿದ ರಾಜಕಾರಣಿಗಳಲ್ಲಿ ಕೆಲವರಿಗೆ ಧರ್ಮಕ್ಕಿಂತ ಸರ್ಕಾರವನ್ನು ಮುಜುಗರಕ್ಕೆ ಗುರಿಪಡಿಸುವುದರಲ್ಲೇ ಹೆಚ್ಚು ಆಸಕ್ತಿಯಿತ್ತು.

ಆಗ ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್ ಪರಮ ಧಾರ್ಮಿಕನು. 1883ರಲ್ಲಿ ಅವನು ದೃಢವಚನದ ಮಸೂದೆಯನ್ನು ಸಮರ್ಥಿಸಿ ಮಾಡಿದ ಭಾಷಣ ಪ್ರಸಿದ್ಧವಾಗಿದೆ. ದೇವರೆಂಬ ಒಂದು ಹೆಸರಿಗೆ ಮಾತ್ರ ಬೇಲಿ ಕಟ್ಟುವುದರಿಂದ ಧರ್ಮಕ್ಕೆ ಯಾವ ರಕ್ಷಣೆಯೂ ದೊರೆಯುವುದಿಲ್ಲ. ಧರ್ಮದ ಹೆಸರಿನಲ್ಲಿ ಅನ್ಯಾಯ ನಡೆದುದನ್ನು ಕಂಡ ಜನರು ಧರ್ಮವನ್ನೇ ಸಂದೇಹಿಸುವರು ಎಂಬುದು ಅವನ ವಾದದ ಸಾರ. ಮಸೂದೆ ಮೂರೇ ಮತಗಳಿಂದ ಬಿದ್ದಿತು: ಪರವಾಗಿ 289, ವಿರುದ್ಧವಾಗಿ 292. ವಿರುದ್ಧ ಓಟು ಕೊಟ್ಟವರಲ್ಲಿ ಐರ್ಲೆಂಡಿನ ಕ್ಯಾಥೊಲಿಕ್ ಸದಸ್ಯರು ಬಹುಮಂದಿ ಇದ್ದರು. ಇದೇ ಸಭೆಯ ಮುಂದೆ ಐವತ್ತನಾಲ್ಕು ವರ್ಷಗಳ ಹಿಂದೆ ಓಕಾನೆಲನು ನಿಂತಿದ್ದನು. ಅವನ ಜಯದಿಂದಲೇ ಈ ಸದಸ್ಯರು ಒಳಗೆ ಬಂದಿದ್ದರು.

ಕೊನೆಗೆ 1886ರ ಜನವರಿಯಲ್ಲಿ ಸಭಾಧ್ಯಕ್ಷನಾಗಿದ್ದ ಆರ್ಥರ್ ಪೀಲನು, ಸದಸ್ಯನಿಗೂ ಅವನ ಪ್ರಮಾಣಕ್ಕೂ ನಡುವೆ ಬರಲು ಯಾರಿಗೂ ಅಧಿಕಾರವಿಲ್ಲವೆಂದು ತೀರ್ಪಿತ್ತು ಬ್ರ್ಯಾಡ್‌ಲಾನನ್ನು ಒಳಗೆ ಬಿಟ್ಟನು. ಈ ಸಭಾಧ್ಯಕ್ಷನು ಕ್ಯಾಥೊಲಿಕರ ಕಾನೂನನ್ನು ಮಂಡಿಸಿದ ರಾಬರ್ಟ್ ಪೀಲನ ಮಗ. ಎರಡು ವರ್ಷಗಳ ತರುವಾಯ ಬ್ರ್ಯಾಡ್‌ಲಾ ತಾನೇ ಮುಂದಾಗಿ, ಬಯಸಿದವರು ಪ್ರಮಾಣದ ಬದಲು ದೃಢವಚನವನ್ನು ನುಡಿಯಬಹುದೆಂಬ ಕಾನೂನನ್ನು ಅಂಗೀಕಾರ ಮಾಡಿಸಿದನು.

ಈ ಬ್ರ್ಯಾಡ್‌ಲಾನ ಹೆಸರು ಭಾರತಕ್ಕೆ ಅಪರಿಚಿತವಲ್ಲ. ಪಾರ್ಲಿಮೆಂಟಿನಲ್ಲಿ ಒಬ್ಬನೂ ಪ್ರತಿನಿಧಿಯಿಲ್ಲದಿದ್ದ ಭಾರತೀಯರ ಅಹವಾಲುಗಳನ್ನು ಅವನು ಅಲ್ಲಿ ಎತ್ತಿ ಆಡುತ್ತಿದ್ದನು. 1889ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದನು. 1891ರ ಜನವರಿಯಲ್ಲಿ ಅವನು ಮರಣಶಯ್ಯೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದಾಗ, ಅವನನ್ನು ಹೊರಗಿಟ್ಟ ಹಳೆಯ ನಿರ್ಣಯವನ್ನು ಕಾಮನ್ಸ್ ಸಭೆ ತನ್ನ ದಾಖಲೆಯಿಂದ ಹೊಡೆದುಹಾಕಿತು. ಆ ಸುದ್ದಿ ಅವನಿಗೆ ತಿಳಿಯಲಿಲ್ಲ. ಅವನ ಅಂತ್ಯಕ್ರಿಯೆಗೆ ಲಂಡನ್ನಿನಲ್ಲಿದ್ದ ಭಾರತೀಯರು ಹೋಗಿದ್ದರು. ಅಲ್ಲಿ ಆಗ ಕಾನೂನು ಓದುತ್ತಿದ್ದ ತರುಣ ಮೋಹನದಾಸ ಗಾಂಧಿಯವರೂ ಅವರಲ್ಲಿ ಒಬ್ಬರು. ಮರುವರ್ಷ ದಾದಾಭಾಯಿ ನವರೋಜಿಯವರು ಕಾಮನ್ಸ್ ಸಭೆಗೆ ಆರಿಸಿ ಬಂದು ಪಾರಸಿಗಳ ಅವೆಸ್ತಾ ಗ್ರಂಥವನ್ನು ಹಿಡಿದು ಪ್ರಮಾಣ ಸ್ವೀಕರಿಸಿದಾಗ ಅವರನ್ನು ಯಾರೂ ತಡೆಯಲಿಲ್ಲ.

ಭಾರತದಲ್ಲಿ ಬ್ರಿಟಿಷರು ಅನುಸರಿಸಿದ ದಾರಿ ಬೇರೆ. 1909ರ ಸುಧಾರಣೆಗಳಲ್ಲಿ ಅವರು ಮುಸಲ್ಮಾನರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಏರ್ಪಡಿಸಿದರು. ಮತದಿಂದ ಹೊರಗಿಡುವುದರ ಬದಲು ಮತದ ಪ್ರಕಾರ ಮತದಾರರನ್ನು ಬೇರ್ಪಡಿಸಿದ ಏರ್ಪಾಡು ಅದು. ಸ್ವತಂತ್ರ ಭಾರತದ ಸಂವಿಧಾನವು ಇದನ್ನು ಕೈಬಿಟ್ಟು, ಪ್ರತಿ ಕ್ಷೇತ್ರಕ್ಕೂ ಒಂದೇ ಮತದಾರರ ಪಟ್ಟಿ ಇರತಕ್ಕದ್ದೆಂದು 325ನೆಯ ಅನುಚ್ಛೇದದಲ್ಲಿ ವಿಧಿಸಿತು. ಆದರೆ ದೇವರ ಹೆಸರಿನ ಪ್ರಶ್ನೆ ಸಂವಿಧಾನ ಸಭೆಯಲ್ಲಿಯೂ ಬಂದೇ ಬಂದಿತು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತರು ಸಂವಿಧಾನದ ಪೀಠಿಕೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ತಿದ್ದುಪಡಿ ಸೂಚಿಸಿದರು. ದೇವರನ್ನು ಓಟಿಗೆ ಹಾಕುವ ಸಂಕಟಕ್ಕೆ ತಮ್ಮನ್ನು ಗುರಿಪಡಿಸಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡರು. ವೈಯಕ್ತಿಕವಾದ ಶ್ರದ್ಧೆಯನ್ನು ಎಲ್ಲರ ಮೇಲೆ ಸಾಮೂಹಿಕವಾಗಿ ಹೇರಬಾರದೆಂದು ಹೃದಯನಾಥ ಕುಂಜ್ರು ಅವರು ವಾದಿಸಿದರು. ಕಾಮತರು ಹಿಂದೆಗೆಯಲಿಲ್ಲ. ಮತಗಳನ್ನು ಎಣಿಸಿದಾಗ ಪರವಾಗಿ 41, ವಿರುದ್ಧವಾಗಿ 68 ಬಂದುವು.

ಪ್ರಮಾಣವಚನದಲ್ಲಿ ಮಾತ್ರ ಸಂವಿಧಾನ ಸಭೆ ಎರಡು ದಾರಿಗಳನ್ನೂ ತೆರೆದಿಟ್ಟಿತು. ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ 'ದೇವರ ಹೆಸರಿನಲ್ಲಿ' ಎಂಬುದೂ 'ಸತ್ಯನಿಷ್ಠೆಯಿಂದ' ಎಂಬರ್ಥದ ಮಾತೂ ಒಂದರ ಕೆಳಗೆ ಒಂದು ಅಚ್ಚಾಗಿವೆ. 2001ರಲ್ಲಿ ಕೇರಳ ವಿಧಾನಸಭೆಗೆ ಆರಿಸಿ ಬಂದ ಸದಸ್ಯರೊಬ್ಬರು ಇವೆರಡನ್ನೂ ಬಿಟ್ಟು ತಮ್ಮ ಪೂಜ್ಯರಾದ ಶ್ರೀ ನಾರಾಯಣ ಗುರುಗಳ ಹೆಸರಿನಲ್ಲಿ ಪ್ರಮಾಣ ಸ್ವೀಕರಿಸಿದರು. ಅದು ಸಿಂಧುವಾದ ಪ್ರಮಾಣವೆಂದು ಅಲ್ಲಿನ ಉಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಬೆಂಗಳೂರಿನ ವಿಧಾನಸೌಧದಲ್ಲಿಯೂ ದೆಹಲಿಯ ಸಂಸತ್ತಿನಲ್ಲಿಯೂ ಆರಿಸಿ ಬಂದ ಪ್ರತಿಯೊಬ್ಬ ಸದಸ್ಯನು ಈ ಎರಡು ಮಾತುಗಳಲ್ಲಿ ತನಗೆ ಒಪ್ಪುವ ಒಂದನ್ನು ನುಡಿದು, ಪುಸ್ತಕದಲ್ಲಿ ಸಹಿ ಹಾಕಿ, ತನ್ನ ಸ್ಥಾನಕ್ಕೆ ಹೋಗಿ ಕುಳಿತುಕೊಳ್ಳುತ್ತಾನೆ.